ವಿದೇಶಯಾತ್ರೆ: ಪ್ರವೇಶಾನುಮತಿ, ಆರೋಗ್ಯ, ಕ್ಷೇಮ — ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳ ದೃಷ್ಟಾಂತದೊಡನೆ

ಸ್ವದೇಶದ ಎಲ್ಲೆಯನ್ನು ದಾಟಿ ಅನ್ಯದೇಶವನ್ನು ಹೊಗುವ ಮನುಷ್ಯನಿಂದ ಆ ದೇಶವು ಅಪೇಕ್ಷಿಸುವ ಪತ್ರಗಳು, ಅವನ ದೇಹಸ್ಥಿತಿಯ ವಿಷಯದಲ್ಲಿ ಅದು ವಿಧಿಸುವ ಕಟ್ಟಳೆಗಳು, ಅಲ್ಲಿ ತಂಗಿರುವಷ್ಟು ಕಾಲ ಅವನ ಪ್ರಾಣ ಮಾನ ಧನಗಳ ರಕ್ಷಣೆಗಾಗಿ ಏರ್ಪಟ್ಟಿರುವ ವ್ಯವಸ್ಥೆಗಳು—ಈ ಮೂರೂ ನೋಟಕ್ಕೆ ಬೇರೆಬೇರೆಯಾಗಿ ಕಂಡರೂ ಮೂಲದಲ್ಲಿ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳು: ಅಪರಿಚಿತನೊಬ್ಬನಿಗೆ ಹೊಣೆಯಾಗುವವರು ಯಾರು? ಒಂದು ಕಾಲದಲ್ಲಿ ಧರ್ಮಛತ್ರವನ್ನು ಕಟ್ಟಿಸಿದ ದಾನಿಯೂ ಶ್ರೇಣಿಯ ಯಜಮಾನನೂ ಹೊತ್ತಿದ್ದ ಈ ಹೊಣೆ ಇಂದು ಬಹುಮಟ್ಟಿಗೆ ಸರ್ಕಾರಗಳಿಗೆ ಸೇರಿದೆ. ಮತ್ತು ಈಗ ಜಾರಿಯಲ್ಲಿರುವ ನಿಯಮಗಳಲ್ಲಿ ಅನೇಕವು ನಿಷ್ಕಾರಣವಾದ ಅಧಿಕಾರಶಾಹಿಯಿಂದ ಹುಟ್ಟಿದುವಲ್ಲ, ಮಹಾಮಾರಿ, ನೂಕುನುಗ್ಗಲು, ಅಪಘಾತ ಮೊದಲಾದ ಯಾವುದಾದರೊಂದು ವಿಪತ್ತಿನ ಅನಂತರ ರೂಪುಗೊಂಡವು.

ಮಹಾರಾಷ್ಟ್ರದ ನಾಸಿಕ ಮತ್ತು ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದ್) ಎಂಬ ಎರಡು ನಗರಗಳು ಈ ವಿಷಯದ ನಿರೂಪಣೆಗೆ ವಿಶೇಷವಾಗಿ ಅನುಕೂಲವಾದವು. ಭಾರತೀಯರು ಹೊರನಾಡಿಗೆ ಹೊತ್ತೊಯ್ಯುವ ಪಾಸ್‌ಪೋರ್ಟ್ ಮುದ್ರಿತವಾಗುವುದು ಮೊದಲನೆಯದರಲ್ಲಿ. ಹೊರನಾಡಿನವರನ್ನು ಆಕರ್ಷಿಸುವ ಅಜಂತಾ ಎಲ್ಲೋರಗಳಿಗೆ ಹೆಬ್ಬಾಗಿಲಾಗಿರುವುದು ಎರಡನೆಯದು. ಕನ್ನಡಿಗರಿಗೂ ಈ ಸೀಮೆ ಪರಕೀಯವಲ್ಲ. ಎಲ್ಲೋರದ ಕೈಲಾಸವನ್ನು ಕಡೆಯಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಬೀದರ್, ಕಲಬುರಗಿ, ರಾಯಚೂರುಗಳೊಡನೆ ಔರಂಗಾಬಾದು 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿತ್ತು. ಶಿರಡಿಗೂ ತ್ರ್ಯಂಬಕಕ್ಕೂ ಹೋಗುವ ಕರ್ನಾಟಕದ ಯಾತ್ರಿಕರು ಇಂದಿಗೂ ಈ ಮಾರ್ಗಗಳನ್ನು ಸವೆಸುತ್ತಿದ್ದಾರೆ.

ಪೂರ್ವೇತಿಹಾಸ

ಅನುಮತಿಪತ್ರವು ಆಧುನಿಕರ ಕಲ್ಪನೆಯೆಂಬ ನಂಬಿಕೆ ನಿರಾಧಾರವಾದುದು. ಕೌಟಿಲ್ಯನ ಅರ್ಥಶಾಸ್ತ್ರವು ಮುದ್ರಾಧ್ಯಕ್ಷನೆಂಬ ಅಧಿಕಾರಿಯನ್ನು ಹೇಳಿ, ಒಂದು ಮಾಷಕವನ್ನು ತೆತ್ತು ಮುದ್ರೆಯನ್ನು ಪಡೆದವನು ಮಾತ್ರ ಜನಪದವನ್ನು ಹೊಗಲು ಅಥವಾ ಬಿಡಲು ಅರ್ಹನೆಂದೂ, ಮುದ್ರೆಯಿಲ್ಲದ ನಾಡಿಗನಿಗೆ ಹನ್ನೆರಡು ಪಣಗಳ ದಂಡವೆಂದೂ ವಿಧಿಸುತ್ತದೆ. ಆದರೆ ಪತ್ರವನ್ನು ಕೇಳುವುದರ ಜೊತೆಗೆ ದಾರಿಯನ್ನು ಸುಗಮಗೊಳಿಸುವುದೂ ರಾಜಧರ್ಮವಾಗಿತ್ತೆಂಬುದಕ್ಕೆ ನಾಸಿಕದ ಪಾಂಡವಲೇಣಿ ಬೆಟ್ಟವೇ ಸಾಕ್ಷಿಯಾಗಿದೆ. ಅಲ್ಲಿನ ಹತ್ತನೆಯ ಗುಹೆಯ ಶಾಸನದಲ್ಲಿ, ಕ್ಷಹರಾತ ನಹಪಾನನ ಅಳಿಯನಾದ ಉಷವದಾತನು ಭರುಕಚ್ಛ, ದಶಪುರ, ಗೋವರ್ಧನ, ಶೂರ್ಪಾರಕಗಳಲ್ಲಿ ಪ್ರಯಾಣಿಕರಿಗಾಗಿ ಚತುಶ್ಶಾಲೆಗಳನ್ನು ಕಟ್ಟಿಸಿದುದೂ, ಬಾವಿ ಕೆರೆಗಳನ್ನು ತೋಡಿಸಿದುದೂ, ಪಾರದಾ, ದಮಣ, ತಾಪಿ ಮೊದಲಾದ ನದಿಗಳಲ್ಲಿ ಶುಲ್ಕವಿಲ್ಲದ ದೋಣಿಗಳನ್ನು ಏರ್ಪಡಿಸಿದುದೂ ಉಕ್ತವಾಗಿವೆ. ಅದೇ ಬೆಟ್ಟದ ಹದಿನೇಳನೆಯ ಗುಹೆಯನ್ನು ಕೊರೆಯಿಸಿದವನು ಉತ್ತರದ ದತ್ತಾಮಿತ್ರಿಯಿಂದ ಬಂದ ಯವನ, ಧರ್ಮದೇವನ ಮಗನಾದ ಇಂದ್ರಾಗ್ನಿದತ್ತ. ಗೋದಾವರಿಯ ಕೆಳದಂಡೆಯ ಪೈಠಣವಾದರೋ ಪೆರಿಪ್ಲಸ್ ಗ್ರಂಥದ ಗ್ರೀಕ್ ನಾವಿಕನಿಗೆ ಭರುಕಚ್ಛದಿಂದ ಇಪ್ಪತ್ತು ದಿನಗಳ ದಾರಿಯ ಪೇಟೆಯಾಗಿ ಪರಿಚಿತವಾಗಿತ್ತು.

ಏಳನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ಮಹಾರಾಷ್ಟ್ರಕ್ಕೆ ಬಂದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗನು ಸ್ವದೇಶದ ದೃಷ್ಟಿಯಿಂದ ಅಪರಾಧಿಯೇ ಸರಿ. ಪ್ರಜೆಗಳು ಗಡಿಯನ್ನು ದಾಟಬಾರದೆಂಬ ತಾಂಗ್ ಚಕ್ರವರ್ತಿಯ ನಿಷೇಧವನ್ನು ಮೀರಿ, ಕಾವಲುಗಾರರ ಕಣ್ಣು ತಪ್ಪಿಸಿ ಹೊರಟಿದ್ದ ಆತನು 645ರಲ್ಲಿ ಗ್ರಂಥರಾಶಿಯೊಡನೆ ಹಿಂದಿರುಗಿದಾಗ ಅದೇ ಚಕ್ರವರ್ತಿಯ ಮನ್ನಣೆಗೆ ಪಾತ್ರನಾದನು. ಆತನು ವರ್ಣಿಸುವ ಗಿರಿವಿಹಾರವು ಅಜಂತಾ ಎಂದೂ, ರಾಜಧಾನಿಯ ವರ್ಣನೆ ವಾತಾಪಿಗಿಂತ ನಾಸಿಕಕ್ಕೆ ಹೆಚ್ಚು ಒಪ್ಪುತ್ತದೆಂದೂ ಅಭಿಪ್ರಾಯಪಟ್ಟ ವಿದ್ವಾಂಸರುಂಟು. ಮೊಗಲರ ಕಾಲದಲ್ಲಿ ಸೂರತ್ತಿನಿಂದ ಗೋಲ್ಕೊಂಡಕ್ಕೆ ಹೋಗುತ್ತಿದ್ದ ಫ್ರೆಂಚ್ ಪ್ರವಾಸಿಗಳಾದ ತಾವೆರ್ನಿಯೆ ಮತ್ತು ತೆವೆನೊ ಔರಂಗಾಬಾದನ್ನು ಹಾದುಹೋದರು; ಅಂದು ಸರಕಿಗೂ ಸವಾರಿಗೂ ರಕ್ಷೆಯಾಗಿದ್ದುದು ದಸ್ತಕು ಎಂಬ ರಹದಾರಿ.

ಹೊರಗೆ ಹೋಗುವವನಿಗೆ ರಾಜ್ಯದ ಅನುಮತಿ ಸಾಕಾಗದೆ ಸಮಾಜದ ಅನುಮತಿಯೂ ಬೇಕಾಗಿದ್ದ ಕಾಲವೊಂದಿತ್ತು. ಸಮುದ್ರೋಲ್ಲಂಘನವು ಜಾತಿಭ್ರಂಶಕರವೆಂದು ಎಣಿಸುತ್ತಿದ್ದವರು ಹಿಂದಿರುಗಿದವನಿಗೆ ಪ್ರಾಯಶ್ಚಿತ್ತವನ್ನು ವಿಧಿಸುತ್ತಿದ್ದರು. 1891ರಲ್ಲಿ ಬ್ಯಾರಿಸ್ಟರ್ ಪದವಿ ಪಡೆದು ಇಂಗ್ಲೆಂಡಿನಿಂದ ಬಂದ ಮೋಹನದಾಸ ಗಾಂಧಿಯವರನ್ನು ಅವರ ಅಣ್ಣ ರಾಜಕೋಟೆಗೆ ಕರೆದೊಯ್ಯುವ ಮುನ್ನ ನಾಸಿಕಕ್ಕೆ ಕರೆತಂದು, ಜಾತಿಯವರಲ್ಲಿ ಒಂದು ಪಕ್ಷದ ಸಮಾಧಾನಕ್ಕಾಗಿ ಗೋದಾವರಿಯಲ್ಲಿ ಸ್ನಾನ ಮಾಡಿಸಿದರೆಂದು ಗಾಂಧಿಯವರೇ ಆತ್ಮಕಥೆಯಲ್ಲಿ ನಿರೂಪಿಸಿದ್ದಾರೆ. ನಿರ್ಗಮನಕ್ಕಿಂತ ಪುನಃಪ್ರವೇಶವೇ ಕಠಿನವಾಗಿದ್ದ ಆ ಕಟ್ಟಳೆಯು ಮುಂದಿನ ಎರಡು ತಲೆಮಾರುಗಳಲ್ಲಿ ಸಡಿಲವಾಗುತ್ತ ಹೋಗಿ, ಅದರ ಸ್ಥಾನವನ್ನು ಸರ್ಕಾರದ ಪತ್ರವೇ ಪೂರ್ಣವಾಗಿ ಆಕ್ರಮಿಸಿತು.

ಪಾಸ್‌ಪೋರ್ಟ್ ಮತ್ತು ನಾಸಿಕದ ಮುದ್ರಣಾಲಯ

ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಲೋಕದ ಬಹುಭಾಗದಲ್ಲಿ ಪಾಸ್‌ಪೋರ್ಟಿಲ್ಲದೆ ಸಂಚರಿಸುವುದು ಸಾಧ್ಯವಾಗಿತ್ತು. ಯುದ್ಧಕಾಲದ ಸಂಶಯವು ಶಾಂತಿಕಾಲದ ಪದ್ಧತಿಯಾಗಿ ನೆಲೆಸಿದಾಗ ಭಾರತದಲ್ಲಿ 1920ರ ಪಾಸ್‌ಪೋರ್ಟ್ ಅಧಿನಿಯಮವು ಬಂದಿತು. 1925ರಲ್ಲಿ ನಾಸಿಕ ರೋಡಿನಲ್ಲಿ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಸ್ಥಾಪಿತವಾಯಿತು. ಅದುವರೆಗೆ ಲಂಡನ್ನಿನ ದ ಲಾ ರೂ ಸಂಸ್ಥೆಯಿಂದ ಬರುತ್ತಿದ್ದ ಅಂಚೆಚೀಟಿಗಳ ಮುದ್ರಣವು ಹೀಗೆ ಗೋದಾವರಿಯ ತಟಕ್ಕೆ ಬಂದಿತು. ಮೂರು ವರ್ಷಗಳ ಅನಂತರ ನೋಟುಗಳ ಮುದ್ರಣಾಲಯವೂ ಅದರ ನೆರೆಯಲ್ಲಿ ತಲೆಯೆತ್ತಿತು. ಅಂಚೆಚೀಟಿ, ಛಾಪಾಕಾಗದಗಳೊಡನೆ ಪಾಸ್‌ಪೋರ್ಟ್ ಪುಸ್ತಿಕೆಗಳನ್ನೂ ಸಿದ್ಧಪಡಿಸುವ ಈ ಮುದ್ರಣಾಲಯವು ಈಗ ಭಾರತ ಪ್ರತಿಭೂತಿ ಮುದ್ರಣ ಮತ್ತು ಟಂಕನ ನಿಗಮದ ಒಂದು ಘಟಕವಾಗಿದೆ.

ಪಾಸ್‌ಪೋರ್ಟು ಸರ್ಕಾರದ ಅನುಗ್ರಹವೋ ಪ್ರಜೆಯ ಹಕ್ಕೋ ಎಂಬ ವಿವಾದವು 1967ರವರೆಗೆ ಇತ್ಯರ್ಥವಾಗಿರಲಿಲ್ಲ. ಆ ವರ್ಷ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದೇಶಯಾನವು ಸಂವಿಧಾನದ 21ನೆಯ ಅನುಚ್ಛೇದದ ವ್ಯಕ್ತಿಸ್ವಾತಂತ್ರ್ಯದಲ್ಲಿ ಅಂತರ್ಗತವಾದುದೆಂದು ತೀರ್ಮಾನಿಸಲು, ಅದೇ ವರ್ಷ ಸಂಸತ್ತು ಪಾಸ್‌ಪೋರ್ಟ್ ಅಧಿನಿಯಮವನ್ನು ಅಂಗೀಕರಿಸಿ, ನಿರಾಕರಣೆಯ ಕಾರಣಗಳನ್ನು ಕಾನೂನಿನಲ್ಲಿಯೇ ನಮೂದಿಸಿತು. 1978ರ ಮೇನಕಾ ಗಾಂಧಿ ತೀರ್ಪು ಆ ಕಾನೂನಿನ ಪ್ರಯೋಗವೂ ನ್ಯಾಯಸಮ್ಮತವಾಗಿರಬೇಕೆಂದು ಸಾರಿತು.

ಸಾಮಾನ್ಯ ಪಾಸ್‌ಪೋರ್ಟು ಕಡುನೀಲಿ, ಸರ್ಕಾರಿ ಕಾರ್ಯಾರ್ಥವಾದುದು ಬಿಳಿ, ರಾಜತಾಂತ್ರಿಕವಾದುದು ಕೆಂಗಂದು ಬಣ್ಣದ್ದು. ವಯಸ್ಕರದು ಹತ್ತು ವರ್ಷ, ಅಪ್ರಾಪ್ತರದು ಸಾಮಾನ್ಯವಾಗಿ ಐದು ವರ್ಷ ಊರ್ಜಿತವಾಗಿರುತ್ತದೆ. ಕೈಬರಹದ ಹಳೆಯ ಪುಸ್ತಿಕೆಗಳಿಗೆ 2015ರ ನವೆಂಬರ್ 24ರಿಂದ ಅಂತರರಾಷ್ಟ್ರೀಯ ಮಾನ್ಯತೆ ಇಲ್ಲವಾಯಿತು. ಧಾರಕನ ಛಾಯಾಚಿತ್ರವೂ ಬೆರಳಚ್ಚೂ ಅಡಗಿರುವ ಎಲೆಕ್ಟ್ರಾನಿಕ್ ಬಿಲ್ಲೆಯುಳ್ಳ ಇ-ಪಾಸ್‌ಪೋರ್ಟು 2024ರಿಂದ ಕ್ರಮಕ್ರಮವಾಗಿ ಬಳಕೆಗೆ ಬರುತ್ತಿದ್ದು, ಮುಖಪುಟದ ಕೆಳಗಿನ ಚಿಕ್ಕ ಸುವರ್ಣಚಿಹ್ನೆಯಿಂದ ಅದನ್ನು ಗುರುತಿಸಬಹುದು.

ವಿದೇಶೀಯರ ಪ್ರವೇಶ

ಈ ನಗರಗಳನ್ನು ನೋಡಲೆಂದು ಬರುವ ವಿದೇಶೀಯರಲ್ಲಿ ಬಹುಮಂದಿ ಇಳಿಯುವುದು ಮುಂಬಯಿಯಲ್ಲಿ. ನೇಪಾಳ ಭೂತಾನಗಳ ಪ್ರಜೆಗಳಿಗೆ ವೀಸಾ ಅಗತ್ಯವಿಲ್ಲ. ಉಳಿದವರಲ್ಲಿ ಅನೇಕ ದೇಶಗಳವರಿಗೆ 2014ರ ನವೆಂಬರಿನಲ್ಲಿ ಆರಂಭವಾದ ಇ-ವೀಸಾ ಲಭ್ಯವಿದ್ದು, ಗೊತ್ತುಪಡಿಸಿದ ಪ್ರವೇಶಸ್ಥಾನಗಳ ಮೂಲಕ ಮಾತ್ರ ಅದರಿಂದ ಪ್ರವೇಶಿಸಬಹುದು. ಪಾಸ್‌ಪೋರ್ಟು ಕನಿಷ್ಠಪಕ್ಷ ಆರು ತಿಂಗಳ ಕಾಲ ಊರ್ಜಿತವಾಗಿರತಕ್ಕದ್ದು. ಐದು ಸಾವಿರ ಅಮೆರಿಕನ್ ಡಾಲರುಗಳನ್ನು ಮೀರಿದ ನಗದನ್ನಾಗಲಿ, ಚೆಕ್ಕು ಮೊದಲಾದುವೂ ಕೂಡಿ ಹತ್ತು ಸಾವಿರವನ್ನು ಮೀರಿದ ಮೊತ್ತವನ್ನಾಗಲಿ ಸುಂಕದ ಅಧಿಕಾರಿಗೆ ಘೋಷಿಸಬೇಕು. 1920, 1939, 1946 ಮತ್ತು 2000ದ ನಾಲ್ಕು ಕಾನೂನುಗಳ ಸ್ಥಾನದಲ್ಲಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶೀಯರ ಅಧಿನಿಯಮವು ಜಾರಿಯಲ್ಲಿದೆ.

ವಸತಿಗೃಹದ ಯಜಮಾನನು ವಿದೇಶೀ ಅತಿಥಿಯ ವಿವರಗಳನ್ನು ಇಪ್ಪತ್ನಾಲ್ಕು ಗಂಟೆಗಳೊಳಗೆ ನೋಂದಣಾಧಿಕಾರಿಗೆ ತಿಳಿಸಬೇಕಾಗಿರುವುದರಿಂದ, ಕೋಣೆ ಕೊಡುವ ಮುನ್ನ ಅವನು ಪಾಸ್‌ಪೋರ್ಟಿನ ಪ್ರತಿಯನ್ನು ಕೇಳುವುದು ಅವಿಶ್ವಾಸದ ಚಿಹ್ನೆಯಲ್ಲ. ಅನುಮತಿಯಿಲ್ಲದೆ ಉಪಗ್ರಹ ದೂರವಾಣಿಯನ್ನು ತಂದ ಪ್ರವಾಸಿಗಳು ಬಂಧನಕ್ಕೊಳಗಾಗಿರುವುದುಂಟು. 2008ರ ಮುಂಬಯಿ ದಾಳಿಯ ಅನಂತರ ಈ ನಿಯಮದ ಪಾಲನೆ ಬಿಗಿಯಾಗಿದೆ. ಎಲೆಕ್ಟ್ರಾನಿಕ್ ಸಿಗರೇಟು 2019ರಿಂದ ನಿಷಿದ್ಧ. ದ್ರಾಕ್ಷಾರಸಕ್ಕೆ ಹೆಸರಾದ ನಾಸಿಕದ ತೋಟಗಳಿಗೆ ಹೋಗುವವರೂ ಮಹಾರಾಷ್ಟ್ರದಲ್ಲಿ ಮದ್ಯಪಾನಕ್ಕೆ ಪರವಾನಗಿಯ ಪದ್ಧತಿಯೂ ವಯೋನಿರ್ಬಂಧವೂ ಉಂಟೆಂಬುದನ್ನು ಅರಿತಿರಬೇಕು. ಸೋಮವಾರ ಅಜಂತಾ, ಮಂಗಳವಾರ ಎಲ್ಲೋರ ಮುಚ್ಚಿರುತ್ತವೆ; 1983ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಎರಡು ಸ್ಥಳಗಳಲ್ಲಿ ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶಗಳ ಪ್ರಜೆಗಳಿಗೆ ಭಾರತೀಯರ ಪ್ರವೇಶಶುಲ್ಕವೇ ಅನ್ವಯಿಸುತ್ತದೆ.

ಆರೋಗ್ಯನಿಯಮಗಳ ಉದ್ಭವ

ಯಾತ್ರಿಕನ ದೇಹವನ್ನು ಪರೀಕ್ಷಿಸುವ ಅಧಿಕಾರವನ್ನು ರಾಷ್ಟ್ರಗಳು ಒಡಂಬಡಿಕೆಗೆ ಒಳಪಡಿಸಲು ಯತ್ನಿಸಿದುದು 1851ರ ಪ್ಯಾರಿಸ್ ಸಮ್ಮೇಳನದಿಂದ ಮೊದಲ್ಗೊಂಡು. 1865ರಲ್ಲಿ ಮಕ್ಕಾದ ಯಾತ್ರಿಕರಲ್ಲಿ ಕಾಣಿಸಿಕೊಂಡ ಕಾಲರಾ ಯೂರೋಪನ್ನು ತಲಪಿದ ಮೇಲೆ ಹಿಂದೂಸ್ಥಾನದ ತೀರ್ಥಕ್ಷೇತ್ರಗಳೂ ಹಜ್ ಹಡಗುಗಳೂ ಆ ಸಮ್ಮೇಳನಗಳ ಚರ್ಚಾವಿಷಯಗಳಾದುವು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಲು, ಮರುವರ್ಷದ ಫೆಬ್ರವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಅಧಿನಿಯಮವು ರೈಲಿನ ಪ್ರಯಾಣಿಕರನ್ನು ಪರೀಕ್ಷಿಸುವ ಹಾಗೂ ಪ್ರತ್ಯೇಕವಾಗಿರಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಹಾಫ್‌ಕಿನ್ನನು ತಾನು ಸಿದ್ಧಪಡಿಸಿದ ಲಸಿಕೆಯನ್ನು ಆ ಜನವರಿಯಲ್ಲಿಯೇ ಮೊದಲು ತನ್ನ ದೇಹದ ಮೇಲೆ ಪ್ರಯೋಗಿಸಿಕೊಂಡಿದ್ದನು. ರೋಗವು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ದಕ್ಷಿಣದಲ್ಲಿ ಸೋಂಕಿನ ಊರುಗಳಿಂದ ಬಂದವರು ಪ್ಲೇಗ್ ಪಾಸ್‌ಪೋರ್ಟ್ ಎಂಬ ಚೀಟಿಯನ್ನು ಹಿಡಿದು, ನಿಗದಿಯಾದಷ್ಟು ದಿನ ಅಧಿಕಾರಿಗಳ ಮುಂದೆ ಹಾಜರಾಗಬೇಕಾಗಿದ್ದಿತು.

ಶತಮಾನವೊಂದು ಕಳೆಯುವಷ್ಟರಲ್ಲಿ ಅದೇ ರೋಗವು ಮರಾಠವಾಡದಿಂದ ಮತ್ತೊಮ್ಮೆ ಲೋಕವನ್ನು ಬೆದರಿಸಿತು. 1994ರಲ್ಲಿ ಔರಂಗಾಬಾದಿನ ನೆರೆಯ ಬೀಡ್ ಜಿಲ್ಲೆಯ ಹಳ್ಳಿಗಳಲ್ಲಿ ಗಡ್ಡೆಯ ಪ್ಲೇಗೂ, ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಶ್ವಾಸಕೋಶದ ಪ್ಲೇಗೂ ವರದಿಯಾಗಲು, ಹಲವು ದೇಶಗಳು ಭಾರತದ ವಿಮಾನಗಳನ್ನು ತಡೆದುವು, ಭಾರತೀಯ ಪ್ರಯಾಣಿಕರನ್ನು ತಪಾಸಣೆಗೆ ಗುರಿಪಡಿಸಿದುವು. ರೋಗದಿಂದಾದ ಹಾನಿಗಿಂತ ಭಯದಿಂದಾದ ಹಾನಿ ಮಿಗಿಲಾದುದನ್ನು ಕಂಡ ವಿಶ್ವ ಆರೋಗ್ಯ ಸಂಸ್ಥೆಯು ಮರುವರ್ಷವೇ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ ಪರಿಷ್ಕರಣಕ್ಕೆ ತೊಡಗಿತು. ಕಾಲರಾ, ಪ್ಲೇಗು, ಪೀತಜ್ವರಗಳೆಂಬ ಮೂರೇ ರೋಗಗಳ ಪಟ್ಟಿಯನ್ನು ಬಿಟ್ಟು, ಲೋಕದ ಆರೋಗ್ಯಕ್ಕೆ ಅಪಾಯ ತರುವ ಯಾವುದೇ ಸಂದರ್ಭಕ್ಕೂ ಅನ್ವಯಿಸುವಂತೆ, ಮತ್ತು ಸಂಚಾರಕ್ಕೆ ಅನಾವಶ್ಯಕವಾದ ಅಡ್ಡಿಯಾಗದಂತೆ ರಚಿತವಾದ 2005ರ ನಿಯಮಾವಳಿಯು 2007ರ ಜೂನಿನಲ್ಲಿ ಜಾರಿಗೆ ಬಂದಿತು.

ಪ್ರಚಲಿತ ನಿಯಮಗಳಲ್ಲಿ ಪೀತಜ್ವರದ ಲಸಿಕೆಯೇ ಅತ್ಯಂತ ಕಟ್ಟುನಿಟ್ಟಾದುದು. ಆ ರೋಗವು ಭಾರತದಲ್ಲಿಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಎಲ್ಲೆಡೆಯೂ ಇದೆ. ಆದಕಾರಣ ರೋಗವಿರುವ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ದೇಶಗಳಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ಲಸಿಕೆ ಹಾಕಿಸಿಕೊಂಡ ಹತ್ತನೆಯ ದಿನದಿಂದ ಪತ್ರವು ಊರ್ಜಿತವಾಗಿ, 2016ರ ಪರಿಷ್ಕರಣದ ಮೇಲೆ ಆಜೀವಪರ್ಯಂತ ಸಲ್ಲುತ್ತದೆ. ಇಲ್ಲಿಂದ ಕೀನ್ಯಾ ಮೊದಲಾದ ದೇಶಗಳಿಗೆ ಹೊರಡುವವರು ಸರ್ಕಾರದಿಂದ ಅಧಿಕೃತವಾದ ಕೇಂದ್ರಗಳಲ್ಲಿ ಮಾತ್ರ ಇದನ್ನು ಪಡೆಯಬೇಕು. ಹೊರಡುವ ವಾರದಲ್ಲಿ ನೆನಪಿಸಿಕೊಂಡವರ ಯಾತ್ರೆ ನಿಂತುಹೋದೀತು. ಹಜ್ ಯಾತ್ರಿಕರಿಗೆ—ಅವರ ನಿರ್ಗಮನಸ್ಥಾನಗಳಲ್ಲಿ ಔರಂಗಾಬಾದೂ ಒಂದಾಗಿದ್ದಿತು—ಮಿದುಳು ಪೊರೆಯ ಉರಿಯೂತದ ಲಸಿಕೆ ಕಡ್ಡಾಯ. ಪಾಕಿಸ್ತಾನ, ಆಫ್ಘಾನಿಸ್ತಾನಗಳಿಗೆ ಹೋಗುವವರಿಗೂ ಅಲ್ಲಿಂದ ಬರುವವರಿಗೂ 2014ರಿಂದ ಪೋಲಿಯೊ ಹನಿಗಳೂ ಬೇಕಾಗಿವೆ.

ಸ್ಥಳೀಯ ಆರೋಗ್ಯ

ಇಲ್ಲಿಗೆ ಬರುವವರು ಹೆಚ್ಚಾಗಿ ಅನುಭವಿಸುವುದು ಅಪೂರ್ವ ವ್ಯಾಧಿಗಳನ್ನಲ್ಲ, ನೀರು ಆಹಾರಗಳಿಂದ ಬರುವ ಅತಿಸಾರವನ್ನು. ಪೈಠಣದ ಜಾಯಕವಾಡಿ ಅಣೆಕಟ್ಟೆಯಿಂದ ನೀರು ಪಡೆಯುವ ಸಂಭಾಜಿನಗರದಲ್ಲಿ ನಲ್ಲಿಗಳು ದಿನಂಪ್ರತಿ ಹರಿಯದಿರುವುದರಿಂದ ನೀರನ್ನು ತೊಟ್ಟಿಗಳಲ್ಲಿ ಸಂಗ್ರಹಿಸಿಡುವುದು ರೂಢಿ. ಸಂಗ್ರಹಿಸಿದ ನೀರು ಕೆಟ್ಟರೆ ಹೊಟ್ಟೆಗೂ, ತೆರೆದಿದ್ದರೆ ಡೆಂಗಿ ಸೊಳ್ಳೆಯ ಸಂತಾನಕ್ಕೂ ಎಡೆಯಾಗುತ್ತದೆ. ಕುದಿಸಿದ ಅಥವಾ ಮೊಹರು ಮಾಡಿದ ಬಾಟಲಿಯ ನೀರು, ಬಿಸಿಯಾದ ಅಡುಗೆ, ಮರುಜಲೀಕರಣದ ಲವಣಪುಡಿ—ಇಷ್ಟರಿಂದ ಬಹುತೇಕ ತೊಂದರೆ ನಿವಾರಿತವಾಗುವುದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಮರಾಠವಾಡದ ತಾಪವು 40 ಡಿಗ್ರಿ ಸೆಲ್ಸಿಯಸನ್ನು ಮೀರುವುದರಿಂದ, ನೆರಳು ಕಡಮೆಯಾದ ಎಲ್ಲೋರದ ಬಂಡೆಗಳ ಮೇಲೆ ಮಧ್ಯಾಹ್ನ ತಿರುಗಾಡುವುದು ವೃದ್ಧರಿಗೂ ಮಕ್ಕಳಿಗೂ ಹಿತವಲ್ಲ; ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತವಾದುದು. ಅಜಂತಾದ ಕಡಿದಾದ ಬಂಡೆಗಳಲ್ಲಿ ಹೆಜ್ಜೇನುಗಳು ಗೂಡುಕಟ್ಟುವುದುಂಟು. ಹೊಗೆ, ಸುಗಂಧದ್ರವ್ಯ, ಕೂಗಾಟಗಳು ಅವುಗಳನ್ನು ಕೆರಳಿಸುವುದರಿಂದ ಕಾವಲುಗಾರರ ಸೂಚನೆಯನ್ನು ಅಲಕ್ಷಿಸತಕ್ಕದ್ದಲ್ಲ. ನಾಯಿ ಅಥವಾ ಕೋತಿ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನಿನ ನೀರಿನಿಂದ ತೊಳೆದು, ಆ ದಿನವೇ ರೇಬೀಸ್ ಚಿಕಿತ್ಸೆಗೆ ತೊಡಗಬೇಕು. ಲಕ್ಷಣಗಳು ತೋರಿದ ಮೇಲೆ ಆ ರೋಗಕ್ಕೆ ಮದ್ದಿಲ್ಲ.

ಮಾರ್ಗಕ್ಷೇಮ ಮತ್ತು ಜನಸಂದಣಿ

ಪ್ರವಾಸಿಗೆ ಕಳ್ಳಕಾಕರಿಗಿಂತ ರಸ್ತೆಯೇ ಹೆಚ್ಚಿನ ಅಪಾಯ. ಮುಂಬಯಿಯಿಂದ ಹಳೆಯ ಹೆದ್ದಾರಿಯಲ್ಲಿ ನಾಸಿಕಕ್ಕೆ ಬರುವವನು ದಾಟಬೇಕಾದ ಕಸಾರಾ ಘಟ್ಟವು ಮಳೆಗಾಲದಲ್ಲಿ ಮಂಜು ಮುಸುಕಿ ದುರ್ಗಮವಾಗುತ್ತದೆ. ಎರಡೂ ಜಿಲ್ಲೆಗಳನ್ನು ಹಾದುಹೋಗುವ 701 ಕಿಲೋಮೀಟರುಗಳ ಮುಂಬಯಿ–ನಾಗಪುರ ಸಮೃದ್ಧಿ ಮಹಾಮಾರ್ಗವು 2025ರ ಜೂನಿನಲ್ಲಿ ಪೂರ್ಣವಾಗಿ ತೆರೆಯಿತು. ತಿರುವುಗಳಿಲ್ಲದ ಆ ದಾರಿಯ ಏಕತಾನತೆ ಚಾಲಕನನ್ನು ಮಂಪರಿಗೆ ನೂಕುತ್ತದೆ, ಕಾದ ಕಾಂಕ್ರೀಟು ಸವೆದ ಟೈರನ್ನು ಸಿಡಿಸುತ್ತದೆ. 2023ರ ಜುಲೈ 1ರಂದು ಬುಲಢಾಣ ಜಿಲ್ಲೆಯಲ್ಲಿ ಬಸ್ಸಿಗೆ ಬೆಂಕಿ ಹತ್ತಿ 25 ಮಂದಿಯೂ, ಅದೇ ವರ್ಷದ ಅಕ್ಟೋಬರಿನಲ್ಲಿ ವೈಜಾಪುರದ ಬಳಿ ಯಾತ್ರೆಯಿಂದ ನಾಸಿಕಕ್ಕೆ ಮರಳುತ್ತಿದ್ದ ಸಣ್ಣ ಬಸ್ಸು ಲಾರಿಗೆ ಬಡಿದು 12 ಮಂದಿಯೂ ಮಡಿದರು. ಎರಡೂ ಸಂಭವಿಸಿದುದು ನಡುರಾತ್ರಿಯ ಪ್ರಯಾಣದಲ್ಲಿ. ಕರ್ನಾಟಕದಿಂದ ಬಾಡಿಗೆ ವಾಹನದಲ್ಲಿ ಶಿರಡಿಗೆ ಹೊರಡುವ ಕುಟುಂಬಗಳು ಒಬ್ಬನೇ ಚಾಲಕನಿಂದ ರಾತ್ರಿಯಿಡೀ ಓಡಿಸದಿರುವುದು ಇದರಿಂದ ಕಲಿಯಬೇಕಾದ ಮೊದಲನೆಯ ಪಾಠ.

ಅನುಮತಿಯ ವ್ಯವಸ್ಥೆಯೇ ಕ್ಷೇಮದ ವ್ಯವಸ್ಥೆಯಿಂದ ಬೇರ್ಪಟ್ಟಾಗ ಏನಾಗಬಹುದೆಂಬುದನ್ನು 2020ರ ಮೇ 8ರ ಮುಂಜಾವು ತೋರಿಸಿತು. ಕೋವಿಡ್ ದಿಗ್ಬಂಧನದಲ್ಲಿ ಅಂತರರಾಜ್ಯ ಸಂಚಾರಕ್ಕೆ ಪಾಸು ಅಗತ್ಯವಾಗಿದ್ದಾಗ, ಜಾಲನಾದಿಂದ ಕಾಲ್ನಡಿಗೆಯಲ್ಲಿ ಹೊರಟು ಔರಂಗಾಬಾದ್ ಜಿಲ್ಲೆಯ ಕರ್ಮಾಡದ ಬಳಿ ರೈಲುಹಳಿಗಳ ಮೇಲೆ ಮಲಗಿದ್ದ ಮಧ್ಯಪ್ರದೇಶದ 16 ಕಾರ್ಮಿಕರು ಸರಕುಗಾಡಿಗೆ ಸಿಕ್ಕಿ ಸತ್ತರು. ಅವರು ದಾಟಬೇಕಾಗಿದ್ದುದು ದೇಶದ ಗಡಿಯನ್ನಲ್ಲ, ಸ್ವದೇಶದೊಳಗಿನ ಒಂದು ರಾಜ್ಯದ ಎಲ್ಲೆಯನ್ನು.

ಬೃಹಸ್ಪತಿಯು ಸಿಂಹರಾಶಿಯಲ್ಲಿರುವಾಗ ನಾಸಿಕ ತ್ರ್ಯಂಬಕಗಳಲ್ಲಿ ನಡೆಯುವ ಸಿಂಹಸ್ಥ ಕುಂಭಮೇಳವು ಜನಸಂದಣಿಯ ಕ್ಷೇಮಶಾಸ್ತ್ರಕ್ಕೆ ಮಹತ್ತರವಾದ ಪರೀಕ್ಷೆ. 2003ರ ಆಗಸ್ಟ್ 27ರಂದು ನಾಸಿಕದ ಸ್ನಾನಘಟ್ಟವಾದ ರಾಮಕುಂಡಕ್ಕೆ ಇಳಿಯುವ ಇಕ್ಕಟ್ಟಾದ ದಾರಿಯಲ್ಲಿ ನೂಕುನುಗ್ಗಲಾಗಿ 30ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅಂಥ ಸಂದರ್ಭದಲ್ಲಿ ಪ್ರವಾಹಕ್ಕೆ ಎದುರಾಗಿ ನಿಲ್ಲದೆ ಓರೆಯಾಗಿ ಅಂಚಿಗೆ ಸರಿಯುವುದು, ಕೈಗಳನ್ನು ಎದೆಯ ಮುಂದೆ ಮಡಿಸಿ ಉಸಿರಿಗೆ ಎಡೆ ಮಾಡಿಕೊಳ್ಳುವುದು, ಬಿದ್ದ ವಸ್ತುವನ್ನು ಎತ್ತಲು ಬಗ್ಗದಿರುವುದು, ಮಕ್ಕಳ ಜೇಬಿನಲ್ಲಿ ವಿಳಾಸದ ಚೀಟಿಯಿಡುವುದು ಜೀವರಕ್ಷಕವಾಗಬಲ್ಲವು. ತುರ್ತಿಗೆ 112, ಆಂಬುಲೆನ್ಸಿಗೆ 108, ಪ್ರವಾಸಿಗರ ಬಹುಭಾಷಾ ಸಹಾಯಕ್ಕೆ 1363 ಸಂಖ್ಯೆಗಳಿವೆ.

ಹೊರನಾಡಿಗೆ ಹೋಗುವವರಿಗೆ

ಷೆಂಗನ್ ದೇಶಗಳು 180 ದಿನಗಳಲ್ಲಿ 90ರಷ್ಟು ಮಾತ್ರ ವಾಸಕ್ಕೆ ಅವಕಾಶವಿತ್ತು, ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆಯನ್ನು ಅಪೇಕ್ಷಿಸುತ್ತವೆ. ಅಂಥ ಷರತ್ತಿಲ್ಲದ ದೇಶಕ್ಕೆ ಹೋಗುವವರೂ, ವಿಶೇಷವಾಗಿ ಮಕ್ಕಳ ಮನೆಗೆಂದು ಅಮೆರಿಕಕ್ಕೆ ತೆರಳುವ ವಯೋವೃದ್ಧರು, ವಿಮೆಯಿಲ್ಲದೆ ಹೊರಡುವುದು ಅವಿವೇಕ. ಹತ್ತನೆಯ ತರಗತಿ ಮುಗಿಸದ ಕಾರ್ಮಿಕರು ಗಲ್ಫ್ ಮೊದಲಾದ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವಾಗ 1983ರ ವಲಸೆ ಅಧಿನಿಯಮದಂತೆ ಅನುಮತಿಯನ್ನು ಪಡೆಯತಕ್ಕದ್ದು. ಮಧ್ಯವರ್ತಿಗಳ ವಂಚನೆಯಿಂದ ರಕ್ಷಿಸುವುದು ಇದರ ಉದ್ದೇಶವಾದುದರಿಂದ, ಪ್ರವಾಸಿ ವೀಸಾದ ಮೇಲೆ ದುಡಿಯಲು ಹೋಗುವವನು ಈ ರಕ್ಷೆಯನ್ನು ತಾನಾಗಿಯೇ ಕಳೆದುಕೊಳ್ಳುತ್ತಾನೆ.

ಕನ್ನಡ ಮನೆಗಳ ಪಾಯಸಕ್ಕೆ ಬೇಕಾದ ಗಸಗಸೆಯು ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಮಾದಕವಸ್ತುವಾಗಿ ನಿಷಿದ್ಧವೆಂಬುದನ್ನು ಅರಿಯದೆ ಸೆರೆಮನೆ ಕಂಡವರುಂಟು. ಕೊಡೀನ್, ಟ್ರಮಡಾಲ್‌ಗಳುಳ್ಳ ಔಷಧಗಳಿಗೂ ಅಲ್ಲಿ ಪೂರ್ವಾನುಮತಿ ಬೇಕು. ಆದುದರಿಂದ ಮದ್ದುಗಳನ್ನು ಮೂಲ ಪೊಟ್ಟಣದಲ್ಲಿಯೇ ವೈದ್ಯರ ಚೀಟಿಯೊಡನೆ ಒಯ್ಯಬೇಕು. ಬೀಜ, ಹಣ್ಣು, ಹಾಲಿನ ಪದಾರ್ಥಗಳನ್ನು ಆಸ್ಟ್ರೇಲಿಯದಲ್ಲಿ ಘೋಷಿಸದಿದ್ದರೆ ದಂಡ ತಪ್ಪದು. ಪಾಸ್‌ಪೋರ್ಟ್ ಕಳೆದರೆ ಸ್ಥಳೀಯ ಪೊಲೀಸರಿಗೆ ದೂರಿತ್ತು, ಭಾರತೀಯ ದೂತಾವಾಸದಿಂದ ತುರ್ತು ಪ್ರಮಾಣಪತ್ರ ಪಡೆದು ಮರಳಬಹುದು. ಬಂಧಿತನಾದ ವಿದೇಶೀಯನಿಗೆ ತನ್ನ ದೂತಾವಾಸಕ್ಕೆ ಸುದ್ದಿ ಮುಟ್ಟಿಸುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದವು ಕೊಟ್ಟಿದೆ. ಕೇಳಿದವನಿಗೆ ಮಾತ್ರ ಅದು ಫಲಿಸುವುದರಿಂದ ಪ್ರತಿಯೊಬ್ಬ ಯಾತ್ರಿಕನೂ ಅದನ್ನು ತಿಳಿದಿರತಕ್ಕದ್ದು.

ನಿಯಮಗಳ ಸ್ವರೂಪ

ವೀಸಾದ ಶುಲ್ಕ, ವಿನಾಯಿತಿಯ ಪಟ್ಟಿ, ಲಸಿಕೆಯ ವಿಧಿಗಳು ಆಗಾಗ ಬದಲಾಗುವುವಾದುದರಿಂದ, ಹೊರಡುವ ಮುನ್ನ ಸಂಬಂಧಪಟ್ಟ ದೂತಾವಾಸದ ಪ್ರಕಟಣೆಯೇ ಪ್ರಮಾಣ. ಆದರೆ ನಿಯಮ ಬದಲಾದರೂ ಅದರ ಹಿಂದಿನ ಹೇತು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ: ಸೊಳ್ಳೆಯಿರುವತನಕ ಪೀತಜ್ವರದ ಪತ್ರವೂ, ಇಳಿಜಾರಿನ ಇಕ್ಕಟ್ಟು ದಾರಿಯಿರುವತನಕ ಏಕಮುಖ ಸಂಚಾರವೂ ಬೇಕಾಗಿಯೇ ಇರುವುವು. ಹೇತುವನ್ನು ಅರಿತ ಯಾತ್ರಿಕನು ಹೊಸ ನಿಯಮವನ್ನೂ ಬೇಗನೆ ಗ್ರಹಿಸುತ್ತಾನೆ; ಅರಿಯದವನಿಗೆ ಪ್ರತಿಯೊಂದು ಮೊಹರೂ ಕಿರುಕುಳವಾಗಿ ತೋರುತ್ತದೆ. 2026–27ರ ಸಿಂಹಸ್ಥಕ್ಕೆ ನಾಸಿಕವು ಘಟ್ಟಗಳನ್ನೂ ರಸ್ತೆಗಳನ್ನೂ ಸಜ್ಜುಗೊಳಿಸುತ್ತಿರುವಾಗ, ಪ್ರವೇಶ, ಆರೋಗ್ಯ, ಕ್ಷೇಮಗಳೆಂಬ ಮೂರು ವ್ಯವಸ್ಥೆಗಳೂ ಒಂದೇ ನದೀತೀರದಲ್ಲಿ ಒಂದೇ ಕಾಲಕ್ಕೆ ಪರೀಕ್ಷೆಗೆ ಒಳಗಾಗಲಿವೆ. ಉಷವದಾತನ ಕಾಲದಲ್ಲಿ ದೋಣಿಯನ್ನು ಏರ್ಪಡಿಸುವುದು ದಾನವೆನಿಸಿತ್ತು. ಇಂದು ಅದು ಆಡಳಿತದ ಕರ್ತವ್ಯ, ಮತ್ತು ಸರದಿಯಲ್ಲಿ ನಿಂತು ಆ ದೋಣಿಯನ್ನು ಹತ್ತುವುದು ಯಾತ್ರಿಕನ ಕರ್ತವ್ಯ.